ಪರದೆಯ ಮೇಲಿನ ಖಾಲಿ ತೊಟ್ಟಿಲು

ನಿವೃತ್ತಳಾದ ಮೇಲೆ ನನ್ನನ್ನು ಹುಡುಕಿಕೊಂಡು ನವಲಗುಂದಕ್ಕೆ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು, ಈ ಕೆಲಸಕ್ಕೆ ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು. ನನಗೆ ಗೊತ್ತಿಲ್ಲ. ನಾನು ಕಲಿತ ಸಾಫ್ಟ್‌ವೇರುಗಳೆಲ್ಲ ನನಗಿಂತ ಮೊದಲೇ ನಿವೃತ್ತಿಯಾದವು. ಜನ ಮೊಬೈಲಿನಲ್ಲಿ ಏನನ್ನು ಹುಡುಕುತ್ತಾರೆ, ಹುಡುಕಿದ್ದು ಕಣ್ಣೆದುರು ಸಿಕ್ಕ ಮೇಲೂ ಯಾಕೆ ಹಿಂದೆ ಸರಿಯುತ್ತಾರೆ ಎಂದು ತಿಳಿದುಕೊಳ್ಳುವುದೇ ನನ್ನ ಕೆಲಸವಾಗಿತ್ತು. ಅದಕ್ಕೆ ಇನ್ನೊಬ್ಬರ ಪಕ್ಕದಲ್ಲಿ ಸುಮ್ಮನೆ ಕೂರಲು ಬರಬೇಕು. ಅವರು ತಪ್ಪು ಜಾಗದಲ್ಲಿ ಒತ್ತಿದಾಗ "ಅಲ್ಲಲ್ರಿ, ಇಲ್ಲಿ ಒತ್ರಿ" ಎಂದು ಬೆರಳು ಚಾಚಬಾರದು. ಹೇಳುವುದು ಸುಲಭ, ನನಗೆ ರೂಢಿಯಾಗಲು ವರ್ಷಗಳೇ ಹಿಡಿದವು.

ನಾನು ಮೊದಲು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದೆ. ಓದುವವರು ಕಡಿಮೆಯಾಗುತ್ತ ಬಂದು ಕೊನೆಗೆ ಆ ವಿಷಯವನ್ನೇ ಮುಚ್ಚಿದರು. ಆಗ ಹುಬ್ಬಳ್ಳಿಯಲ್ಲಿ ಗಿರೀಶ ಎಂಬವರು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಆಫೀಸು ತೆರೆದಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರಿಗೆ ಕನ್ನಡ ಬರೆಯುವವರು ಬೇಕಾಗಿದ್ದರು.

"ಅಕ್ಕಾರ, ನಮ್ಮ ಹುಡುಗ್ರು ಬರದ ಕನ್ನಡ ನಮ್ಮವ್ವಗ ತಿಳಿಯಂಗಿಲ್ರಿ. ನೀವು ಬರೀರಿ," ಅಂದರು. ನಾನು ಹೂಂ ಅಂದೆ. ಮನಃಶಾಸ್ತ್ರ ಮುಗಿಯಿತು, ಇನ್ನೇನಿದ್ದರೂ ಕಾರಕೂನಿಕೆ ಎಂದುಕೊಂಡು ದಿನಾ ನವಲಗುಂದದಿಂದ ಬಸ್ ಹಿಡಿಯತೊಡಗಿದೆ. ಆದರೆ ಆ ಶಾಸ್ತ್ರ ನಿಜವಾಗಿ ಕೈಗೆ ಬಂದದ್ದು ಆ ಮಾಳಿಗೆಯ ಮೇಲೆಯೇ.

ಮೊದಲ ಪಾಠ ಅಣ್ಣಿಗೇರಿಯ ಒಬ್ಬ ಕಾಳಿನ ವ್ಯಾಪಾರಿಯ ವೆಬ್‌ಸೈಟಿನಿಂದ. ರೈತರು ಮೊಬೈಲಿನಲ್ಲಿಯೇ ವಿವರ ತುಂಬಿದರೆ ಇವರು ಊರಿಗೆ ಗಾಡಿ ಕಳಿಸಿ ಮಾಲು ತರಿಸಿಕೊಳ್ಳುತ್ತಿದ್ದರು. ಮೇಲೆ ದೊಡ್ಡದಾಗಿ "ನಿಮ್ಮ ಬೆಳೆ ನಮಗೆ ಮಾರಿರಿ" ಎಂದಿತ್ತು. ಅದರ ಕೆಳಗಿನ ಮೊದಲ ಖಾನೆ "ಹೆಸರು". ಬಂದ ಅರ್ಜಿಗಳಲ್ಲಿ ಎಷ್ಟೋ ಜನ ಆ ಖಾನೆಯಲ್ಲಿ "ಇಲ್ಲ" ಎಂದು ತುಂಬಿದ್ದರು. ಒಬ್ಬರಂತೂ "ಹತ್ತು ಚೀಲ" ಎಂದು ಬರೆದಿದ್ದರು. ಆಫೀಸಿನ ಹುಡುಗರು ನಕ್ಕದ್ದೇ ನಕ್ಕದ್ದು. ನಾನು ಮರುದಿನ ಮೊರಬದ ಬಸ್ ಹತ್ತಿದೆ. ಅಲ್ಲಿ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹಿರಿಯರ ಕೈಗೆ ಫೋನು ಕೊಟ್ಟು, ತುಂಬಿರಿ ನೋಡೋಣ ಅಂದೆ. ಅವರು ಮೊದಲ ಖಾನೆ ಓದಿ ಫೋನು ತಿರುಗಿ ಕೊಟ್ಟರು.

"ಹೆಸರು ಈ ಸಲ ಹಾಕಿಲ್ರಿ ಅಕ್ಕಾರ. ಬರೇ ಕಡ್ಲಿ."

ಹೆಸರುಕಾಳು ಬೆಳೆಯುವ ನಾಡಿನಲ್ಲಿ, ಬೆಳೆ ಮಾರುವ ಪುಟದಲ್ಲಿ, ಹೆಸರು ಎಂದು ಕೇಳಿದರೆ ಮತ್ತೇನು ತಿಳಿಯಬೇಕು? ಮನಸ್ಸು ಒಂದು ಮಾತನ್ನು ಓದುವುದು ಅದರ ಹಿಂದೆ ಓದಿದ ಮಾತಿನ ಬೆಳಕಿನಲ್ಲಿ. ನಾನೇ ತರಗತಿಯಲ್ಲಿ ಹೇಳಿಕೊಟ್ಟ ಪಾಠ ಅದು. ಹಿಂದಿರುಗಿ ಖಾನೆಯನ್ನು "ನಿಮ್ಮ ಹೆಸರು" ಎಂದು ಬದಲಿಸಿದೆ. ಮತ್ತೆ ಹೋದಾಗ ಅದೇ ಊರಿನ ಒಬ್ಬ ಹೆಣ್ಣುಮಗಳು, "ನಮ್ಮ ಹೆಸರು ಹೋದ ವಾರನ ಮಾರಿಬಿಟ್ವಿರಿ," ಅಂದಳು. ಕೊನೆಗೆ ಆ ಖಾನೆಯನ್ನು ಪುಟದ ತುದಿಗೆ, ಊರು ಮತ್ತು ಫೋನ್ ನಂಬರು ಆದ ಮೇಲೆ ತಂದು, "ನಿಮ್ಮನ್ನು ಏನೆಂದು ಕರೆಯಬೇಕು?" ಎಂದು ಬರೆದೆ. ಆಮೇಲೆ ಯಾರೂ ತಪ್ಪಲಿಲ್ಲ. ಗಿರೀಶ ಅಂದಿನಿಂದ ನನ್ನ ಬಸ್ ಚಾರ್ಜು ಕೊಡತೊಡಗಿದರು. ಆ ಆಫೀಸಿನಲ್ಲಿ ಆಮೇಲೆ ನನಗೆ ಸಿಕ್ಕ ಯಾವ ಬಡ್ತಿಯೂ ಅದರಷ್ಟು ಹಿಗ್ಗು ಕೊಡಲಿಲ್ಲ.

ಇನ್ನು ಹುಡುಕುವ ಯಂತ್ರದಲ್ಲಿ ನಮ್ಮ ಪುಟ ಮೇಲೆ ಬರುವಂತೆ ಮಾಡುವ ವಿದ್ಯೆ. ಆ ಕಾಲದಲ್ಲಿ ಅದರ ಹೆಸರಿನಲ್ಲಿ ಬಹಳ ಕಳ್ಳಾಟ ನಡೆಯುತ್ತಿತ್ತು. ಪುಟದ ತಳದಲ್ಲಿ, ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ, ಒಂದೇ ಪದವನ್ನು ಸಾಲುಗಟ್ಟಲೆ ತುಂಬಿಬಿಡುವುದು. ಓದುವವರಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ. ಕುಂದಗೋಳದಲ್ಲಿ ಒಕ್ಕಲುತನದ ಸಾಮಾನು ಮಾರುವ ಅಂಗಡಿಯವರು "ಅತ್ಯಾಧುನಿಕ ಕೃಷಿ ಯಂತ್ರೋಪಕರಣಗಳು" ಎಂಬ ಮಾತಿಗೆ ತಮ್ಮ ಅಂಗಡಿಯೇ ಮೊದಲು ಬರಬೇಕೆಂದು ಹಟ ಹಿಡಿದಿದ್ದರು. ನಮ್ಮ ಹುಡುಗರು ಅದನ್ನೇ ತುಂಬಿದರು. ನಾನು ಒಂದು ಮುಂಜಾನೆ ಆ ಅಂಗಡಿಯ ಗಲ್ಲಾಪೆಟ್ಟಿಗೆಯ ಬಾಜುವಿಗೆ ಕುರ್ಚಿ ಹಾಕಿಸಿಕೊಂಡು ಕೂತೆ. ಬಂದವರಲ್ಲಿ ಒಬ್ಬರ ಬಾಯಲ್ಲಾದರೂ ಯಂತ್ರೋಪಕರಣ ಎಂಬ ಮಾತು ಬರಲಿಲ್ಲ. "ಕೂರಿಗಿ ಐತೇನ್ರಿ?" "ಟ್ರ್ಯಾಕ್ಟರಿಗೆ ಕಟ್ಟೋ ಕುಂಟಿ ಎಷ್ಟಕ್ಕ ಕೊಡ್ತೀರಿ?" ಬಿತ್ತಲು ಕೂರಿಗಿ, ಕಳೆ ತೆಗೆಯಲು ಕುಂಟಿ, ಇಷ್ಟೇ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದು, ಪ್ರತಿಯೊಂದಕ್ಕೂ ಉತ್ತರ ಕೊಟ್ಟು ಒಂದು ಪುಟ ಮಾಡಿದೆ. ಸ್ವಲ್ಪ ಕಾಲದಲ್ಲಿ ಹುಡುಕುವ ಯಂತ್ರಗಳು ಜಾಣವಾದವು, ಕಳ್ಳಾಟದ ಪುಟಗಳೆಲ್ಲ ತಳ ಕಂಡವು. ನನ್ನ ಕೂರಿಗಿ ಕುಂಟಿಯ ಪುಟ ಮೇಲೆಯೇ ಉಳಿಯಿತು. ಆಗ ಆಫೀಸಿನಲ್ಲಿ ನನ್ನ ಮಾತಿಗೆ ತೂಕ ಬಂತು.

ಆ ತೂಕವೆಲ್ಲ ಬೇಕಾಗಿ ಬಂದದ್ದು ಕಲಘಟಗಿಯ ತೊಟ್ಟಿಲಿನ ಕೆಲಸದಲ್ಲಿ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಾರುತೆಪ್ಪನವರದು ತಲೆಮಾರುಗಳಿಂದ ತೊಟ್ಟಿಲು ಮಾಡುವ ಮನೆತನ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ಬಾಲಕೃಷ್ಣನ ಚಿತ್ರಗಳು. ಅಣ್ಣ ತಮ್ಮ ಇಬ್ಬರೂ ಕೂಡಿ ಮಾಡಿದರೂ ಒಂದು ತೊಟ್ಟಿಲು ಮುಗಿಯಲು ತಿಂಗಳುಗಳು ಬೇಕು. ಅಂಗಡಿಗೆ ಬರುವ ಜನ ಕಡಿಮೆಯಾಗಿದ್ದರಿಂದ ನಮ್ಮಲ್ಲಿಗೆ ಬಂದಿದ್ದರು. ನಮ್ಮ ಹುಡುಗರು ಶ್ರಮಪಟ್ಟು ಸೈಟ್ ಮಾಡಿದರು. ತೆರೆದ ಕೂಡಲೇ ಪರದೆಯ ಮೇಲೆ ಒಂದು ತೊಟ್ಟಿಲು ಅತ್ತಿಂದಿತ್ತ ಮೆಲ್ಲಗೆ ತೂಗುತ್ತಿತ್ತು, ಜೊತೆಗೆ ಗೆಜ್ಜೆಯ ಸದ್ದು. ಗಿರೀಶ ಅದನ್ನು ಬಂದ ಬಂದ ಗಿರಾಕಿಗಳಿಗೆಲ್ಲ ತೋರಿಸಿ ಹೆಮ್ಮೆಪಡುತ್ತಿದ್ದರು.

ನೋಡುವವರು ಬಹಳ ಬಂದರು. ಕೊಳ್ಳುವವರು ಒಬ್ಬರೂ ಬರಲಿಲ್ಲ.

ಮಾರುತೆಪ್ಪ ಒಂದು ದಿನ ಆಫೀಸಿಗೇ ಬಂದರು. ಸಿಟ್ಟಿನಲ್ಲಿ ಇರಲಿಲ್ಲ, ಸೋತಿದ್ದರು. "ಜನ ಬಂದು ನೋಡಿ ಹೋಗ್ತಾರ ಅಂತೀರಿ. ನೋಡಿ ಹೋದ್ರ ಏನ್ ಬಂತ್ರಿ? ನನ್ನ ತಮ್ಮ ಕೆಲಸ ಬಿಡ್ತೀನಿ ಅನ್ನಾಕ ಹತ್ಯಾನ. ಅಂವಾ ಬಿಟ್ರ ಬಣ್ಣ ಹಾಕೋರು ಯಾರೂ ಇಲ್ಲ," ಅಂದರು.

ಗಿರೀಶ ಉಪಾಯ ಹೂಡಿದರು. ಎರಡೇ ತೊಟ್ಟಿಲು ಉಳಿದಿವೆ ಎಂದು ಕೆಂಪಕ್ಷರದಲ್ಲಿ ಹಾಕೋಣ, ಪಕ್ಕದಲ್ಲಿ ಹೊತ್ತು ಇಳಿಯುವ ಗಡಿಯಾರ ಇಡೋಣ, ಜನ ಗಡಿಬಿಡಿಯಲ್ಲಿ ಕೊಳ್ಳುತ್ತಾರೆ ಎಂದು. ತಪ್ಪಿಹೋದೀತು ಎಂಬ ಅಂಜಿಕೆಯಿಂದ ಜನ ಕೊಳ್ಳುವುದು ಸುಳ್ಳಲ್ಲ, ಪುಸ್ತಕದಲ್ಲಿಯೂ ಇದೆ. ಆದರೆ ನನಗೆ ಅನುಮಾನ. ಸೈಟಿಗೆ ಬಂದವರು ಏನನ್ನು ಹುಡುಕಿ ಬಂದಿದ್ದರು ಎಂದು ತೆಗೆದು ನೋಡಿದೆ. "ತೊಟ್ಟಿಲು ಬೆಲೆ" ಎಂದು ಹುಡುಕಿದವರು ಕಡಿಮೆ. "ತೊಟ್ಟಿಲು ಯಾವಾಗ ತರಬೇಕು", "ಹೆರಿಗೆಗಿಂತ ಮೊದಲು ತೊಟ್ಟಿಲು ತರಬಹುದಾ" ಎಂದು ಕೇಳಿದವರೇ ಹೆಚ್ಚು. ಅಷ್ಟೇ ಅಲ್ಲದೆ, ಅವೇ ಫೋನುಗಳು ಮತ್ತೆ ಮತ್ತೆ ಬಂದು, ಅದೇ ತೊಟ್ಟಿಲಿನ ಚಿತ್ರ ದೊಡ್ಡದು ಮಾಡಿ ನೋಡಿ, ಖರೀದಿಯ ಪುಟದತನಕ ಹೋಗಿ ತಿರುಗಿದ್ದವು. ಬೇಡವೆನ್ನುವವರು ಹೀಗೆ ಮತ್ತೆ ಮತ್ತೆ ಬರುವುದಿಲ್ಲ.

"ಒಂದು ವಾರ ತಡೀರಿ ಸರ್. ನಾನು ಕೂತು ನೋಡಿ ಬರ್ತೀನಿ," ಅಂದೆ.

ತಿರ್ಲಾಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಶಿಲ್ಪಾ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳ ಮನೆಗೆ ಹೋದೆ. ಅವಳ ತಾಯಿ ಗಂಗವ್ವ ಚಹಾ ಕೊಟ್ಟು ಮಗಳ ಬೆನ್ನ ಹಿಂದೆ ಕೂತರು. ಶಿಲ್ಪಾ ಫೋನಿನಲ್ಲಿ ಸೈಟ್ ತೆರೆದಳು. ಗೆಜ್ಜೆ ಘಲ್ ಎಂದಿತು, ತೊಟ್ಟಿಲು ತೂಗತೊಡಗಿತು.

ಗಂಗವ್ವ ಮುಂದೆ ಬಾಗಿ ಅಂಗೈಯಿಂದ ಆ ಪರದೆಯನ್ನು ಮುಚ್ಚಿದರು.

"ಬರೇ ತೊಟ್ಲಾ ತೂಗಬಾರ್ದವಾ. ನಿಂದ್ರಸ ಅದನ್ನ."

ಶಿಲ್ಪಾ ಅಲ್ಲಿ ಇಲ್ಲಿ ಒತ್ತಿದಳು. ಅದು ನಿಲ್ಲಲಿಲ್ಲ. ನಿಲ್ಲಿಸುವ ಗುಂಡಿಯನ್ನೇ ನಮ್ಮವರು ಇಟ್ಟಿರಲಿಲ್ಲ. ಗಂಗವ್ವ ಮಗಳ ಕೈಯಿಂದ ಫೋನು ಕಿತ್ತುಕೊಂಡು ಹಾಸಿಗೆಯ ಮೇಲೆ ಬೋರಲು ಹಾಕಿದರು. ನಾನು ಸುಮ್ಮನೆ ಕೂತೆ. ಕೂಸಿಲ್ಲದ ತೊಟ್ಟಿಲು ತೂಗಬಾರದೆಂದು ನನ್ನ ತಾಯಿಯೂ ಹೇಳುತ್ತಿದ್ದಳು. ಆ ಸೈಟ್ ಎಷ್ಟೋ ಸಲ ನೋಡಿದ್ದ ನನಗೆ ಆ ತೊಟ್ಟಿಲು ಖಾಲಿ ಇದೆ ಎಂಬುದು ಅಂದೇ ಕಂಡದ್ದು.

ಸ್ವಲ್ಪ ಹೊತ್ತಿನ ಮೇಲೆ ಶಿಲ್ಪಾ ಫೋನು ಎತ್ತಿಕೊಂಡು ಬೇಗ ಬೇಗ ಕೆಳಗೆ ಸರಿಸಿ ಚಿತ್ರಗಳಿರುವ ಜಾಗಕ್ಕೆ ಹೋದಳು. ಗಂಗವ್ವನೂ ಬಗ್ಗಿ ನೋಡತೊಡಗಿದರು. "ಆ ಬೆಣ್ಣಿ ತಿನ್ನೂ ಕೃಷ್ಣ ಅಗದಿ ಚಂದದಾನ," ಅಂದರು. ತಾಯಿ ಮಗಳಿಬ್ಬರೂ ಆರಿಸಿದರು, ನಕ್ಕರು. ಆಮೇಲೆ "ಈಗಲೇ ಖರೀದಿಸಿ" ಎಂಬ ಗುಂಡಿ ಬಂತು. ಶಿಲ್ಪಾಳ ಹೆಬ್ಬೆರಳು ಅದರ ಮೇಲೆ ಹೋಗಿ, ನಿಂತು, ಹಿಂದೆ ಬಂತು.

"ಯಾಕ ಬಿಟ್ಟಿ?" ಎಂದು ಕೇಳಿದೆ.

"ಚಂದ ಐತ್ರಿ ಅಕ್ಕಾರ. ಆದ್ರ ಕೂಸು ಕೈಗೆ ಬರೂತನಕ ನನಗಂತ ಒಂದು ತೊಟ್ಲಾ ತಗೊಂಡಿಟ್ಟೈತಿ ಅನ್ನೂದು ಬ್ಯಾಡ್ರಿ."

ಗಂಗವ್ವ ಅಂದರು: "ಬ್ಯಾಡ ಅಂತಲ್ರಿ. ಬೇಕು. ಬೇಕು ಅಂತ ಈಗ ಅನಬಾರ್ದು, ಅಷ್ಟ."

ಬಸ್ಸಿನಲ್ಲಿ ಬರುವಾಗ ನನಗೆ ಎಲ್ಲ ಸ್ಪಷ್ಟವಾಗಿತ್ತು. ಇವರು ಕೂಸಿಗೆ ಏನಾದೀತೋ ಎಂದು ಮೊದಲೇ ಅಂಜಿಕೊಂಡಿರುವ ಜನ. ಅವರ ಮುಂದೆ ಇಳಿಯುವ ಗಡಿಯಾರ ಇಟ್ಟರೆ ಓಡಿಹೋಗುತ್ತಾರೆ. ಅವರಿಗೆ ಆರಿಸುವ ಸಂತೋಷ ಈಗ ಬೇಕು, ಕೊಳ್ಳುವ ಮಾತು ಆಮೇಲೆ ಬೇಕು.

ಮರುದಿನ ಗಿರೀಶರ ಮುಂದೆ ಎಲ್ಲ ಹೇಳಿದೆ. ತೂಗುವ ತೊಟ್ಟಿಲು ತೆಗೆಯಬೇಕು. ಅದರ ಜಾಗದಲ್ಲಿ, ಖಾಲಿ ಕಾಣದಂತೆ ಮಡಚಿದ ಕೌದಿ ಇಟ್ಟ ತೊಟ್ಟಿಲಿನ ಒಂದು ಚಿತ್ರ ಸಾಕು. ಖರೀದಿಯ ಗುಂಡಿ ಬೇಡ. "ಇದು ನಮಗೆ ಇಷ್ಟ" ಎಂದಿರಲಿ. ಒತ್ತಿದವರು ಫೋನ್ ನಂಬರು ಕೊಟ್ಟರೆ ಮುಗಿಯಿತು. ಅದರ ಕೆಳಗೆ ಒಂದು ಮಾತು ಬರೆದುಕೊಂಡು ಹೋಗಿದ್ದೆ: "ಕೂಸು ಕೈಗೆ ಬಂದ ಮೇಲೆ ನೀವೇ ಹೇಳಿರಿ. ಅಲ್ಲಿಯವರೆಗೆ ನಾವು ಏನೂ ಕೇಳುವುದಿಲ್ಲ."

"ರೊಕ್ಕ ಇಲ್ಲದ ಆರ್ಡರು ಯಾವ ಸೀಮಿ ಆರ್ಡರ್ರೀ ಅಕ್ಕಾರ?" ಅಂದರು ಗಿರೀಶ. ಆದರೂ ಮಾರುತೆಪ್ಪನವರಿಗೆ ಫೋನು ಹಚ್ಚಿದರು. ಮಾರುತೆಪ್ಪ, "ಎಷ್ಟು ಮಂದಿ ಯಾವುದು ಇಷ್ಟ ಅಂದ್ರು ಅಂತ ತಿಳದ್ರ, ಹಲಿಗಿ ತಯಾರ ಮಾಡಿ ಇಡ್ತೀನ್ರಿ. ಕೂಸು ಹುಟ್ಟಿದ ಮ್ಯಾಲೆ ಜೋಡಿಸಿ ಕೊಟ್ರಾತು. ಇವರು ಒಯ್ಯದಿದ್ರ ಮತ್ತೊಬ್ರು ಒಯ್ತಾರ," ಎಂದು ಒಪ್ಪಿದರು.

ಅಷ್ಟಾಯಿತು ಎಂದು ನಾನು ಊಟಕ್ಕೆ ಎದ್ದೆ. ತಿರುಗಿ ಬಂದಾಗ ಗಿರೀಶ ಒಬ್ಬ ಹುಡುಗನ ಹಿಂದೆ ನಿಂತು ಏನೋ ಮಾಡಿಸುತ್ತಿದ್ದರು. ಹೆರಿಗೆಯ ತಿಂಗಳು ಯಾವುದು ಎಂಬ ಒಂದು ಖಾನೆ ಸೇರಿತ್ತು. ಆ ತಿಂಗಳು ಬಂದ ಕೂಡಲೇ ತಾನಾಗಿ ಹೋಗುವ ಒಂದು ಸಂದೇಶವೂ ತಯಾರಾಗಿತ್ತು. "ನಿಮ್ಮ ಮುದ್ದು ಕಂದನಿಗಾಗಿ ತೊಟ್ಟಿಲು ಕಾಯುತ್ತಿದೆ!"

"ನಂಬರು ಐತಿ, ಒಂದು ಮೆಸೇಜ್ ಕಳಸಾಕ ಏನ್ ತ್ರಾಸು? ಮರತಿದ್ರ ನೆನಪಾಗ್ತೈತಿ," ಅಂದರು.

"ಎಲ್ಲಾ ಕೂಸು ಮನಿಗೆ ಬರ್ತಾವೇನ್ರಿ ಸರ್?"

"ಎಲ್ಲೋ ಒಂದು ಹಂಗಾಗ್ತೈತಿ ಅಂತ ಉಳದೋರ ಧಂದೆ ಬಿಡೂದೇನ್ರಿ?"

"ಆ ಒಬ್ಬಾಕಿ ಫೋನಿಗೂ ಇದು ಹೋಗ್ತೈತ್ರಿ. ಅದು ಯಾರ ನಂಬರು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಏನೂ ಕೇಳೂದಿಲ್ಲ ಅಂತ ಮ್ಯಾಲೆ ಬರದು, ಕೆಳಗ ಇದನ್ನ ಕಳಸೂದು ನನ್ನ ಕೈಲಿ ಆಗೂದಿಲ್ರಿ. ಬ್ಯಾರೆಯವರ ಕಡಿಂದ ಬರಸ್ತೀರಿ ಅಂದ್ರ ಬರಸ್ರಿ. ನಾಳಿಂದ ನಾನು ಬರೂದಿಲ್ಲ."

ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ನನಗೆ ಆ ಸಂಬಳ ಬೇಕಾಗಿತ್ತು, ಬೇರೆ ಕೆಲಸ ಸಿಗುವ ವಯಸ್ಸೂ ದಾಟಿತ್ತು. ಆದರೂ ಮಾತು ಹಿಂದೆ ತೆಗೆದುಕೊಳ್ಳದೆ ನನ್ನ ಕುರ್ಚಿಗೆ ಹೋಗಿ ಕೂತೆ. ಗಿರೀಶ ಕೆಳಗಿಳಿದು ಹೋದರು. ಚಹಾ ಕುಡಿದು ಬಂದಿರಬೇಕು. ಬಂದವರೇ ಹುಡುಗನಿಗೆ, "ತಗದುಬಿಡೊ ಅದನ್ನ," ಅಂದರು. ನನ್ನ ಕಡೆ ತಿರುಗಿ, "ಆರ್ಡರ್ ಬರಲಿಲ್ಲ ಅಂದ್ರ ಮಾರುತೆಪ್ಪ ಕಾಕಾಗ ನೀವ ಹೇಳಬೇಕು ನೋಡ್ರಿ."

"ಹೇಳ್ತೀನ್ರಿ," ಅಂದೆ.

ಆ ಹೊಸ ಪುಟಗಳಿಗೆ ನಾನು ಬರೆದದ್ದೆಲ್ಲ ಜನ ಕೇಳಿದ ಪ್ರಶ್ನೆಗಳಿಗೆ ಉತ್ತರ. ತೊಟ್ಟಿಲು ಯಾವಾಗ ತರಬೇಕು, ತವರಿನವರು ಕೊಡಬೇಕೋ ಗಂಡನ ಮನೆಯವರೋ, ತೊಲೆಯಿಲ್ಲದ ಹೊಸ ಮನೆಯಲ್ಲಿ ಹೇಗೆ ಕಟ್ಟಬೇಕು, ಅರಗಿನ ಬಣ್ಣ ಕೂಸಿನ ಬಾಯಿಗೆ ಹೋದರೆ ಏನಾದೀತು. ಎಲ್ಲಿಯೂ ಕೊಳ್ಳಿರಿ ಎಂಬ ಮಾತಿಲ್ಲ. ಪುಟಗಳು ಹುಡುಕಾಟದಲ್ಲಿ ಮೆಲ್ಲಗೆ ಮೇಲೇರಿದವು. "ಇದು ನಮಗೆ ಇಷ್ಟ" ಎಂದು ಒತ್ತುವವರು ಬಂದರು. ಆದರೆ ಫೋನು ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು. ಕಲಘಟಗಿಯಲ್ಲಿ ಹಲಗೆಗಳು ಗೋಡೆಗೆ ಒರಗಿ ನಿಂತವು. ಮಾರುತೆಪ್ಪ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕೇಳದಿರುವುದು ಎಷ್ಟು ಭಾರ ಎಂದು ಆಗ ನನಗೇ ತಿಳಿಯಿತು.

ಮೊದಲ ಫೋನು ಬೆಳಗಾವಿಯಿಂದ ಬಂತು, ಮೊಮ್ಮಗ ಹುಟ್ಟಿದ ಅಜ್ಜಿಯೊಬ್ಬರದು. ಆಮೇಲೆ ಗಂಗವ್ವನದು. "ಗಂಡ ಕೂಸ್ರಿ. ಆ ಬೆಣ್ಣಿ ತಿನ್ನೂದ ಕಳಸ್ರಿ ಮತ್ತ." ಆಮೇಲೆ ಒಂದರ ಹಿಂದೆ ಒಂದು. ಹಿಂದಿನ ತಿಂಗಳುಗಳಲ್ಲಿ ಒತ್ತಿಟ್ಟವರಲ್ಲಿ ಬಹಳ ಮಂದಿ ತಮ್ಮ ತಮ್ಮ ಹೊತ್ತಿಗೆ ಸರಿಯಾಗಿ ತಾವೇ ಬಂದರು. ಮಾರುತೆಪ್ಪನವರ ತಮ್ಮ ಕೆಲಸ ಬಿಡಲಿಲ್ಲ. ಮರುವರ್ಷ ಇನ್ನಿಬ್ಬರನ್ನು ಬಣ್ಣದ ಕೆಲಸಕ್ಕೆ ಸೇರಿಸಿಕೊಂಡರು. ಹೊಸ ಗಿರಾಕಿಗಳು ಬಂದಾಗ ಗಿರೀಶ ಮೊದಲು ನನ್ನ ಮೇಜಿನ ಮುಂದೆ ಕೂರಿಸತೊಡಗಿದರು.

ನನ್ನ ಕೆಲಸ ಮುಗಿಯುವ ವರ್ಷ, ಹೊಸ ತೊಟ್ಟಿಲುಗಳ ಚಿತ್ರ ತೆಗೆಯಲು ನಾನೂ ಗಿರೀಶರೂ ಕಲಘಟಗಿಗೆ ಹೋಗಿದ್ದೆವು. ಮಾರುತೆಪ್ಪನವರ ಫೋನು ರಿಂಗಾಯಿತು. ಕೈಯಲ್ಲಿ ಹಲಗೆ ಹಿಡಿದಿದ್ದರಿಂದ ತಮ್ಮನಿಗೆ ಹೇಳಿ ಸ್ಪೀಕರ್ ಹಾಕಿಸಿದರು. ಹೆಣ್ಣುಮಗಳ ದನಿ.

"ಕಾಕಾ, ನಾನು ಅಳ್ನಾವರದಿಂದ ಸವಿತಾ ಅಂತ ಮಾತಾಡಾಕ ಹತ್ತೇನ್ರಿ. ಎರಡು ವರ್ಷದ ಹಿಂದ ನಿಮ್ಮದೊಂದು ತೊಟ್ಲಾ ಇಷ್ಟ ಅಂತ ಒತ್ತಿದ್ನಿ. ಆ ಸಲ ಕೂಸು ಉಳೀಲಿಲ್ರಿ."

ಬಣ್ಣ ತೀಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು.

"ಆಮ್ಯಾಲೆ ಎಲ್ಲೆಲ್ಲಿಂದೋ ಮೆಸೇಜ್ ಬರ್ತಿದ್ವು. ಕೂಸಿಗೆ ಪೌಡರ್ ತಗೋರಿ, ಕೂಸಿಗೆ ಈಗ ಮೂರು ತಿಂಗಳು, ಈಗ ಆರು ತಿಂಗಳು ಅಂತ. ಫೋನು ಮುಟ್ಟಾಕ ಅಂಜಿಕಿ ಬರ್ತಿತ್ತು. ಇನ್ನ ತೊಟ್ಲಾದ್ದೂ ಬರ್ತೈತಿ ಅಂತ ಕಾಯ್ಕೋತ ಇದ್ನಿ. ನಿಮ್ಮದೊಂದ ಬರಲಿಲ್ಲ. ಈಗ ಹೆಣ್ಣ ಕೂಸು ಆಗೇತ್ರಿ. ಚೊಲೋ ಐತಿ. ಅವತ್ತು ನೋಡಿದ್ದ ತೊಟ್ಲಾ ಐತೇನ್ರಿ?"

"ಐತವಾ," ಅಂದರು ಮಾರುತೆಪ್ಪ. "ಇಲ್ಲಂದ್ರೂ ಮಾಡಿ ಕೊಡ್ತೀನಿ."

ಗಿರೀಶ ಕ್ಯಾಮೆರಾವನ್ನು ಚೀಲದಲ್ಲಿ ಇಡುತ್ತ, ತೆಗೆಯುತ್ತ ನಿಂತಿದ್ದರು. ಕಾರಿನಲ್ಲಿ ಹುಬ್ಬಳ್ಳಿ ಹತ್ತಿರ ಬಂದಾಗ, "ಅಕ್ಕಾರ, ನಮ್ಮ ಉಳದ ಸೈಟಿಂದ ಏನೇನು ಮೆಸೇಜ್ ಹೋಗ್ತಾವು, ನಾಳೆ ಎಲ್ಲಾ ಒಮ್ಮೆ ಕೂತು ನೋಡೂಣ್ರಿ," ಅಂದರು. ನೋಡಿದೆವು. ಬಹಳಷ್ಟನ್ನು ತೆಗೆದೆವು. ಈಗ ಯಂತ್ರಗಳೇ ಬರೆಯುತ್ತವೆ, ಯಂತ್ರಗಳೇ ಕಳಿಸುತ್ತವೆ. ಈ ಕೆಲಸಕ್ಕೆ ಬರುವವರು ಏನು ಬರೆಯಬೇಕೆಂದು ಕಲಿತರೆ ಸಾಲದು. ಯಾವುದನ್ನು ಕಳಿಸಬಾರದು ಎಂದು ಹೇಳುವ ಒಬ್ಬರು ಪ್ರತಿ ಆಫೀಸಿನಲ್ಲಿಯೂ ಇರಬೇಕು, ಅಂಥವರು ನೀವಾಗಬೇಕು.

ಆ ತೊಟ್ಟಿಲು ಟೆಂಪೋದಲ್ಲಿ ಅಳ್ನಾವರಕ್ಕೆ ಹೊರಟಾಗ ನಾನೂ ಮಾರುತೆಪ್ಪನವರ ಜೊತೆ ಹೋದೆ. ಹೆಸರಿಡುವ ದಿನ, ಮನೆ ತುಂಬ ಹೆಣ್ಣುಮಕ್ಕಳು. ಜಂತಿಗೆ ತೊಟ್ಟಿಲು ಕಟ್ಟಿದರು, ಕೂಸನ್ನು ಮಲಗಿಸಿದರು. ನಾನು ಬಾಗಿಲ ಬಳಿ ನಿಂತಿದ್ದೆ. ತೊಟ್ಟಿಲ ಹಗ್ಗ ಹಿಡಿದಿದ್ದ ಸವಿತಾ ನನ್ನನ್ನು ನೋಡಿ ಹತ್ತಿರ ಕರೆದಳು.

"ನೀವು ತೊಟ್ಲಾ ಮಾಡೋ ಕಾಕಾರ ಮನ್ಯಾವ್ರೇನ್ರಿ?"

"ಅಲ್ರಿ."

ನಾನು ಏನು ಕೆಲಸ ಮಾಡುತ್ತೇನೆಂದು ಬಂಧುಗಳಿಗೆ ತಿಳಿಸಿ ಹೇಳಲು ಅಷ್ಟು ವರ್ಷವೂ ನನಗೆ ಆಗಿರಲಿಲ್ಲ. ಅವತ್ತು ಒಂದೇ ಮಾತಿನಲ್ಲಿ ಆಯಿತು.

"ನಿಮಗ ಮೆಸೇಜ್ ಕಳಸಬ್ಯಾಡ್ರಿ ಅಂತ ಹೇಳಿದಾಕಿ ನಾನ್ರಿ."

ಸವಿತಾ ನನ್ನ ಮುಖವನ್ನೇ ನೋಡಿದಳು. ಕೈಯಲ್ಲಿದ್ದ ತೊಟ್ಟಿಲ ಹಗ್ಗವನ್ನು ನನ್ನ ಕೈಗೆ ಕೊಟ್ಟು ಬಾಜುವಿಗೆ ಸರಿದು ನಿಂತಳು. ನಾನು ತೂಗಿದೆ.